ನೆರೆಯವರು ಬರೆದ ಎರಡು ಪುಟ

ಮಾತಿನ ಮಾಳಿಗೆ, ಚೌಕಿಪೇಟೆ, ದಾವಣಗೆರೆ
೧೨ ಜೂನ್ ೨೦೨೪

ಚೈತ್ರಾ,

ಆಶೀರ್ವಾದ. ಈ ಕಡೆ ಎಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳಬೇಕಾದ ಅಗತ್ಯ ಉಳಿದಿಲ್ಲ, ಫೇಸ್‌ಬುಕ್ಕಿನಲ್ಲಿ ದಿನಕ್ಕೊಂದು ಫೋಟೋ ಹಾಕುತ್ತೀಯ.

ಒಕ್ಕೂಟದ ಕಚೇರಿಯ ಇನೆಸ್ ಅವರ ಪತ್ರ ನಿನಗೂ ಬಂದಿರಬೇಕು. ಸ್ವತಂತ್ರ ಭಾಷಾ ಶಾಲೆಗಳ ಒಕ್ಕೂಟಕ್ಕೆ ಬರುವ ವರ್ಷ ಐವತ್ತು ತುಂಬುತ್ತದೆ, ಅದರ ಇತಿಹಾಸದ ಪುಸ್ತಕ ತರುತ್ತಾರಂತೆ. ಪ್ರತಿ ಶಾಲೆಗೂ ಎರಡು ಪುಟ. ಒಕ್ಕೂಟ ಹೇಗೆ ಹುಟ್ಟಿತು ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ಸದಸ್ಯತ್ವದ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆ, ಅದರ ಜೊತೆ ಬಂದ ಪುಸ್ತಕ ಬಿಚ್ಚಿ ನೋಡಿರಲಾರೆ. ಆದ್ದರಿಂದ ಹೇಳುತ್ತೇನೆ, ಕೇಳು.

ಯೂರೋಪಿನ ಸಮುದ್ರದಂಡೆಯ ಒಂದು ಊರು. ದೊಡ್ಡ ಕಂಪನಿಯೊಂದು ಸಣ್ಣಪುಟ್ಟ ಭಾಷಾ ಶಾಲೆಗಳನ್ನೆಲ್ಲ ಕೊಂಡು ಒಂದೇ ಬೋರ್ಡು, ಒಂದೇ ಪಾಠ ಮಾಡಲು ಹೊರಟಿತ್ತು. ಶಾಲೆ ನಡೆಸುತ್ತಿದ್ದ ಐದು ಜನ ಒಬ್ಬರ ಅಡುಗೆಮನೆಯಲ್ಲಿ ಕೂತು, ಮಾರುವುದಿಲ್ಲ ಎಂದು ಕೈಗೆ ಕೈ ಕೊಟ್ಟರು. ಒಬ್ಬರಿಗೆ ಒಂದೇ ಶಾಲೆ, ಒಡೆಯರಾದವರು ತಾವೇ ನಿಂತು ಪಾಠ ಹೇಳಬೇಕು, ಇಷ್ಟೇ ಅವರ ಕಟ್ಟಳೆ. ಹತ್ತನೇ ವರ್ಷ ಒಂದು ಇತಿಹಾಸ ತಂದರು. ಪ್ರತಿಯೊಬ್ಬರೂ ತಮ್ಮ ಶಾಲೆಯ ಕತೆ ತಾವೇ ಬರೆದುಕೊಂಡರು. ಓದಿ ನೋಡಿದರೆ ಎಲ್ಲ ಶಾಲೆಯೂ ಮೊದಲನೆಯದು, ಎಲ್ಲ ಶಾಲೆಯೂ ಉತ್ತಮ. ಹೆತ್ತವರಿಗೆ ಹೆಗ್ಗಣ ಮುದ್ದು ತಾನೆ. ಆವತ್ತಿನಿಂದ ಒಂದು ಪದ್ಧತಿ ಬಂತು: ಯಾವ ಶಾಲೆಯೂ ತನ್ನ ಇತಿಹಾಸ ತಾನು ಬರೆಯಕೂಡದು, ಹತ್ತಿರದ ನೆರೆಯವರು ಬರೆಯಬೇಕು. ಅಚ್ಚಾಗುವ ತನಕ ಆ ಶಾಲೆಯವರಿಗೆ ತೋರಿಸಲೂ ಕೂಡದು. ಬರೆದವರ ಹೆಸರು ಕೆಳಗೆ ಇರುತ್ತದೆ.

ಬೇರೆ ಕಡೆ ನೆರೆಯವರು ಎಂದರೆ ಪಕ್ಕದ ದೇಶದವರು. ನನ್ನ ಹಣೆಬರಹಕ್ಕೆ ಮುಂದಿನ ಸ್ಟೇಷನ್ನಿನವಳು. ನಿನ್ನ ಹೊಳೆದಂಡೆ ಶಾಲೆಯ ಎರಡು ಪುಟ ನಾನು ಬರೆಯಬೇಕು, ನನ್ನ ಮಾಳಿಗೆಯ ಎರಡು ಪುಟ ನೀನು.

ಫೋನು ಮಾಡಬೇಡ. ಫೋನಿನಲ್ಲಿ ನನಗೆ ಸಿಟ್ಟು ಬೇಗ ಬರುತ್ತದೆ, ಕಾಗದದಲ್ಲಿ ನಿಧಾನಕ್ಕೆ ಬರುತ್ತದೆ.

ರೂಪಶ್ರೀ

*

ಹೊಳೆದಂಡೆ ಭಾಷಾ ಶಾಲೆ, ಹರಿಹರ
೨೪ ಜೂನ್ ೨೦೨೪

ರೂಪಕ್ಕನವರಿಗೆ ನಮಸ್ಕಾರ.

ನಿಮ್ಮ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು. ಲಕೋಟೆ ನೋಡಿ ಹರೀಶ ಅವರು "ಯಾರ ಮದ್ವಿ ಕಾರ್ಡು?" ಎಂದರು. ನಿಮ್ಮದು ಎಂದಾಗ "ಹಂಗಾರೆ ಬೈದಿರ್ತಾರೆ, ಕೂತ್ಕಂಡು ಓದು" ಎಂದರು. ಹೆಂಡತಿಯ ಹಳೆಯ ಗುರುಗಳ ಮೇಲೆ ಅವರಿಗಿರುವ ಭಯ ಮದುವೆಯಾಗಿ ಎಂಟು ವರ್ಷವಾದರೂ ಹೋಗಿಲ್ಲ.

ಮಾಳಿಗೆಯ ಬಗ್ಗೆ ಬರೆಯುವುದು ನನಗೆ ಸುಲಭ. ಹದಡಿಯಿಂದ ಎರಡು ಜಡೆ ಹಾಕಿಕೊಂಡು ಇಂಗ್ಲಿಷ್ ಕಲಿಯಲು ಬಂದವಳು, ನಿಮ್ಮ ಪಕ್ಕದಲ್ಲಿ ನಿಂತು ಏಳು ವರ್ಷ ಪಾಠ ಮಾಡಿದೆ. ಆ ಮರದ ಮೆಟ್ಟಿಲು, ಕೆಳಗಡೆ ಅಂಗಡಿಯ ಹೊಸ ಬಟ್ಟೆಯ ವಾಸನೆ, ನಿಮ್ಮ ಬೆತ್ತದ ಕುರ್ಚಿ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಬಂದು ನೋಡಿ ಬರೆಯಬೇಕಾದ್ದು ಏನೂ ಇಲ್ಲ. ಒಕ್ಕೂಟಕ್ಕೆ ಸೇರಿದ ವರ್ಷವೊಂದು ತಿಳಿಸಿ, ಸಾಕು.

ನೀವು ಮಾತ್ರ ನಮ್ಮ ಶಾಲೆಗೆ ಒಮ್ಮೆಯೂ ಬಂದಿಲ್ಲ. ನೋಡದೆ ಹೇಗೆ ಬರೆಯುತ್ತೀರಿ? ದಿನ ಹೇಳಿ, ಗೌಸ್ ಪೀರ್ ಅವರ ಆಟೋ ಸ್ಟೇಷನ್ನಿಗೆ ಕಳಿಸುತ್ತೇನೆ. ಬರಲು ಆಗದಿದ್ದರೆ ಫೋಟೋ, ಪತ್ರಿಕೆಯಲ್ಲಿ ಬಂದ ವರದಿ ಎಲ್ಲ ಕಳಿಸಿಕೊಡುತ್ತೇನೆ. ಮೊನ್ನೆ ಇನೆಸ್ ವಿಡಿಯೋ ಕಾಲ್ ಮಾಡಿದ್ದರು. ನಮ್ಮ ಜಗಳದ ಪಾಠ ನೋಡಿ ತುಂಬಾ ಖುಷಿಪಟ್ಟರು. ಹೊರದೇಶಕ್ಕೆ ಹೋಗುವ ನರ್ಸ್ ಹುಡುಗಿಯರ ಭಾಷಾ ಪರೀಕ್ಷೆ ಹತ್ತಿರ ಬಂದಿದೆ, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ. ನಿಮ್ಮ ಅತ್ತೆ ಮರುಳಸಿದ್ದಮ್ಮಜ್ಜಿಗೆ ನನ್ನ ನಮಸ್ಕಾರ ಹೇಳಿ.

ಚೈತ್ರಾ

*

ದಾವಣಗೆರೆ
೩ ಜುಲೈ ೨೦೨೪

ಚೈತ್ರಾ,

ಇನೆಸ್ ವಿಡಿಯೋ ಕಾಲ್ ಮಾಡಿದ್ದು ಒಳ್ಳೆಯದಾಯಿತು. ಆಕೆ ನಮ್ಮ ಮನೆಗೆ ಮೊದಲು ಬಂದಾಗ ಇನ್ನೂ ಲಂಗದ ಹುಡುಗಿ, ತಾಯಿಯ ಬೆನ್ನಿಗೆ ಅಂಟಿಕೊಂಡು ಬಂದಿದ್ದಳು. ನಮ್ಮ ಅತ್ತೆ ಆ ಕೆಂಚು ಕೂದಲಿಗೆ ಎಣ್ಣೆ ಹಚ್ಚಿ, ಹೆಣೆದು, ಮಲ್ಲಿಗೆ ಮುಡಿಸಿದ್ದರು. ನನಗೆ ಆಕೆ ವರ್ಷಕ್ಕೊಂದು ಹೊಸ ವರ್ಷದ ಕಾರ್ಡು ಕಳಿಸುತ್ತಾಳೆ. ವಿಡಿಯೋ ಕಾಲ್ ಯಾವತ್ತೂ ಮಾಡಿಲ್ಲ.

ಸೇರಿದ ವರ್ಷ ಕೇಳಿದ್ದೀಯ. ೧೯೯೩. ಏಳು ವರ್ಷ ನನ್ನ ಪಕ್ಕ ನಿಂತಿದ್ದವಳಿಗೆ ಇದನ್ನು ನಾನು ಹೇಳಬೇಕಾಯಿತು. ಹೇಗೆ ಸೇರಿದೆವು ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮಾವ ಮುರುಗೇಶಪ್ಪನವರು ಜವಳಿ ವ್ಯಾಪಾರದವರು. ಸೊಲ್ಲಾಪುರ, ಮುಂಬೈ ಕಡೆಯ ವ್ಯಾಪಾರಿಗಳ ಜೊತೆ ನಮ್ಮ ಗುಮಾಸ್ತರು ತಡವರಿಸದೆ ಮಾತಾಡಲಿ ಎಂದು ಅಂಗಡಿಯ ಮಾಳಿಗೆಯಲ್ಲಿ ಹಿಂದಿ, ಇಂಗ್ಲಿಷ್ ಪಾಠ ಇಟ್ಟಿದ್ದರು. ಒಂದು ಸಲ ಬಂದ್ ಆಗಿ ರೈಲು ಇಲ್ಲೇ ನಿಂತುಹೋಯಿತು. ಒಬ್ಬ ವಿದೇಶಿ ಹೆಂಗಸು ಊಟ ಹುಡುಕುತ್ತಾ ಚೌಕಿಪೇಟೆಗೆ ಬಂದವಳು, ಮೇಲಿನಿಂದ ದನಿಗಳು ಕೇಳಿ ಮೆಟ್ಟಿಲು ಹತ್ತಿದಳು. ಇನೆಸ್‌ಳ ತಾಯಿ ಆಕೆ. ಒಕ್ಕೂಟಕ್ಕೆ ಸೇರಿ ಎಂದಳು. ಮಾವ ಹೇಳಿದ್ದು ಇಷ್ಟೇ: "ಸೇರ್ತೀನಿ. ಆದ್ರೆ ಅಂಗ್ಡಿ ಬಿಟ್ಟು ನಿಮ್ಮ ಸಭಿಗೆ ಬರಂಗಿಲ್ಲ. ಸಭೆ ಬೇಕಂದ್ರೆ ನೀವೇ ಬರ್ರಿ." ಮೂರು ವರ್ಷಕ್ಕೆ ಅವರು ಬಂದೇ ಬಿಟ್ಟರು. ಇಪ್ಪತ್ತು ದೇಶದವರು ನಮ್ಮ ಜವಳಿ ಗಂಟುಗಳ ಮೇಲೆ ಕೂತು ವಾರ್ಷಿಕ ಸಭೆ ಮಾಡಿದರು. ಸೊಸೆಯಾಗಿ ಹೊಸದಾಗಿ ಬಂದಿದ್ದ ನಾನು ಮಂಡಕ್ಕಿ ಹಂಚುತ್ತಾ ಹಂಚುತ್ತಾ, ಈ ಮಾಳಿಗೆ ನನಗೇ ಬೇಕು ಎಂದುಕೊಂಡೆ.

ನಿನ್ನ ಫೋಟೋ, ವರದಿ ಏನೂ ಬೇಡ. ನಾನು ಬರುವುದೂ ಬೇಡ.

ನೀನು ಮಾತ್ರ ಒಂದು ಸೋಮವಾರ ಸಂಜೆ ಇಲ್ಲಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರು. ನೆನಪಿನಿಂದ ಬರೆಯಬೇಡ. ಯಾಕೆ ಸೋಮವಾರ ಎಂದು ಕೇಳಬೇಡ, ನಾನಾಗಿಯೇ ಹೇಳಿದರೆ ಚೆನ್ನಾಗಿರುವುದಿಲ್ಲ.

ರೂಪಶ್ರೀ

*

ಹರಿಹರ
೧೮ ಆಗಸ್ಟ್ ೨೦೨೪

ರೂಪಕ್ಕನವರಿಗೆ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಶ್ರಾವಣ ಬಂದರೂ ನನಗೆ ಬಿಡುವಿಲ್ಲ. ಸೋಮವಾರ ಸಂಜೆಗೆ ಎರಡು ಬ್ಯಾಚು ಇವೆ, ಬರಲು ಆಗಲೇ ಇಲ್ಲ. ಮಾಳಿಗೆಯ ಪುಟಗಳನ್ನು ಮೊನ್ನೆ ಇನೆಸ್‌ಗೆ ಕಳಿಸಿಬಿಟ್ಟೆ. ಒಂದೇ ಸಲ ಕೂತು ಬರೆದು ಮುಗಿಸಿದೆ.

ಒಂದು ಮಾತು ಕೇಳಬೇಕು, ಸಿಟ್ಟಾಗಬಾರದು. ನಿಮ್ಮಲ್ಲಿ ಕಲಿತು ಈಗ ನಮ್ಮಲ್ಲಿಗೆ ಬರುವ ಆಸಿಮ್ ಹೇಳಿದ: "ರೂಪಾ ಮೇಡಂ ನಿಮ್ ಬಗ್ಗೆ ಬಾಳ ಕೇಳ್ತಾರ್ರಿ. ಎಷ್ಟ್ ಜನ ಬರ್ತಾರೆ, ತಡ ಮಾಡಿ ಬಂದ್ರೆ ಏನಂತೀರಿ, ಬೋರ್ಡ್ ಮ್ಯಾಲೆ ಮೊದ್ಲು ಏನ್ ಬರೀತೀರಿ, ಎಲ್ಲಾ." ಇದನ್ನು ಕೇಳಿ ಹರೀಶ ಅವರಿಗೆ ಒಂದೇ ಯೋಚನೆ. ನಾನು ನಿಮ್ಮನ್ನು ಬಿಟ್ಟು ಬಂದ ಸಿಟ್ಟನ್ನು ನೀವು ಆ ಎರಡು ಪುಟದಲ್ಲಿ ತೀರಿಸಿಕೊಳ್ಳುತ್ತೀರಿ ಎಂದು. ಇರಲಿಕ್ಕಿಲ್ಲ ಎಂದು ನಾನು ಹೇಳಿದೆ. ಆದರೂ ಮನಸ್ಸಿಗೆ ಕಸಿವಿಸಿ. ಈ ಪುಸ್ತಕ ನೋಡಿಕೊಂಡೇ ಹೊರದೇಶದ ಶಾಲೆಗಳವರು ನಮ್ಮಂಥವರ ಜೊತೆ ಸೇರಿ ಕೆಲಸ ಮಾಡಲು ಬರುತ್ತಾರೆ, ನಿಮಗೆ ಗೊತ್ತು.

ಜಗಳದ ಪಾಠವನ್ನು ನಾನೇ ಶುರುಮಾಡಿದ್ದು ಎಂದು ಎಲ್ಲಿಯೂ ಹೇಳಿಕೊಂಡಿಲ್ಲ. ಪತ್ರಿಕೆಯವರು ಹಾಗೆ ಬರೆದರೆ ನಾನೇನು ಮಾಡಲಿ. ಆದರೂ ಅಕ್ಕ, ಆವತ್ತು ಕಂಡಕ್ಟರ್ ಪಾತ್ರ ಮಾಡಿದವಳು ನಾನು ತಾನೆ?

ಚೈತ್ರಾ

*

ದಾವಣಗೆರೆ
೨೫ ಆಗಸ್ಟ್ ೨೦೨೪

ಚೈತ್ರಾ,

ಮರೆತಿದ್ದೀಯ, ಜ್ಞಾಪಿಸುತ್ತೇನೆ. ಬಿಹಾರದ ಹುಡುಗನೊಬ್ಬ ನಮ್ಮಲ್ಲಿ ಕನ್ನಡ ಕಲಿಯುತ್ತಿದ್ದ. ಊರು ತಪ್ಪಿ ಅವನನ್ನು ಬಸ್ಸಿನಿಂದ ಮಾಯಕೊಂಡದಲ್ಲಿ ಇಳಿಸಿಬಿಟ್ಟರು. ಅವನಿಗೆ "ನನ್ನ ಹೆಸರು ಇಂಥದ್ದು, ನಮಸ್ಕಾರ, ಚೆನ್ನಾಗಿದ್ದೀರಾ" ಎಲ್ಲ ಬರುತ್ತಿತ್ತು. "ನಾನು ಇಳಿಯುವುದಿಲ್ಲ, ಇದು ನನ್ನ ಊರಲ್ಲ" ಎನ್ನಲು ಬರಲಿಲ್ಲ. ಮೊದಲು ಇವರಿಗೆ ಜಗಳ ಕಲಿಸಬೇಕು, ನಮಸ್ಕಾರ ಆಮೇಲೆ, ಎಂದವಳು ನಾನು. ನೀನು ನನ್ನ ಕೈಚೀಲ ಹೆಗಲಿಗೆ ಹಾಕಿಕೊಂಡು ಕಂಡಕ್ಟರ್ ಆದೆ. ಆ ಹುಡುಗ ನಿನ್ನ ಜೊತೆ ಜಗಳಾಡಿ ಗೆದ್ದ. ನಾವಿಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡೆವು.

ಮಾತು ನನ್ನದು, ಆಟ ನಿನ್ನದು. ಪತ್ರಿಕೆಯಲ್ಲಿ ಮಾತ್ರ "ಹರಿಹರದ ಶಿಕ್ಷಕಿಯ ಹೊಸ ಪ್ರಯೋಗ". ಆ ವರದಿಯನ್ನು ಪಕ್ಕದ ಮನೆಯವರು ನನಗೇ ತಂದು ತೋರಿಸಿದರು, ನಿಮ್ಮ ಶಿಷ್ಯೆ ಎಂಥ ಜಾಣೆ ಎಂದು. ಕಾಫಿ ಕೊಟ್ಟು ಕಳಿಸಿದೆ. ಆ ದಿನ ನನಗೆ ಅನ್ನ ಸೇರಲಿಲ್ಲ.

ಏನು ಬರೆದಿದ್ದೇನೆ ಎಂದು ಹೇಳುವುದಿಲ್ಲ. ಅಚ್ಚಾದ ಮೇಲೆ ಓದಿಕೋ. ನಿನಗೆ ಕಸಿವಿಸಿ ಆಗುತ್ತಿದ್ದರೆ ಆಗಲಿ, ನನಗೂ ಎಂಟು ವರ್ಷದಿಂದ ಆಗುತ್ತಿದೆ. ನನ್ನ ಶಾಲೆಯನ್ನು ಒಂದೇ ಸಲ ಕೂತು ಬರೆದು ಮುಗಿಸಿದೆಯಲ್ಲ, ಆ ಸಾಲನ್ನು ಎರಡು ಸಲ ಓದಿಕೊಂಡೆ.

ಇನ್ನು ಬರೆಯಬೇಡ.

ರೂಪಶ್ರೀ

*

ಹರಿಹರ
೧೦ ಜನವರಿ ೨೦೨೫

ಪ್ರೀತಿಯ ರೂಪಕ್ಕ,

ಬರೆಯಬೇಡ ಎಂದಿದ್ದಿರಿ. ಬರೆಯದೆ ಇರಲು ಆಗುತ್ತಿಲ್ಲ.

ಪುಸ್ತಕ ಬಂತು. ನೀವು ಬರೆದ ಎರಡು ಪುಟ ಓದಿದೆ. ಓದುತ್ತಾ ಅಳು ಬಂತು. ಹರೀಶ ಅವರು ಗಾಬರಿಯಾಗಿ "ನಾ ಹೇಳಿರ್ಲಿಲ್ವಾ, ಏನ್ ಬರ್ದಾರೆ?" ಎಂದರು. ಕನ್ನಡ ಮಾಡಿ ಓದಿ ಹೇಳಿದೆ. ಅವರು ಎದ್ದು ಹೊಳೆ ಕಡೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು.

ತಡವಾಗಿ ಬಂದವರು ತಡವಾದ ಕಾರಣವನ್ನು ಕಲಿಯುತ್ತಿರುವ ಭಾಷೆಯಲ್ಲೇ ಹೇಳಿ ಮುಗಿಸುವ ತನಕ ನಾನು ಸುಮ್ಮನೆ ನಿಂತಿರುತ್ತೇನೆ ಎಂದು ಬರೆದಿದ್ದೀರಿ. ಜಗಳಾಡುವ ಇಬ್ಬರೂ ನಗುವ ತನಕ ಜಗಳದ ಪಾಠ ಮುಗಿಯುವುದಿಲ್ಲ ಎಂದು ಬರೆದಿದ್ದೀರಿ. ತಪ್ಪು ಹೇಳಿದವರನ್ನು ತಿದ್ದುವಾಗ ನಾನು ಅವರ ಮುಖ ನೋಡದೆ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ, ಅವರಿಗೆ ನಾಚಿಕೆಯಾಗದಿರಲಿ ಎಂದು, ಅಂತಲೂ ಬರೆದಿದ್ದೀರಿ. ಇದು ನನಗೇ ಗೊತ್ತಿರಲಿಲ್ಲ. ಒಮ್ಮೆಯೂ ಬಾರದೆ ನಿಮಗೆ ಹೇಗೆ ತಿಳಿಯಿತು? ಇಷ್ಟು ಪ್ರೀತಿಯಿಂದ ನನ್ನ ಬಗ್ಗೆ ಯಾರೂ ಬರೆದಿಲ್ಲ ಅಕ್ಕ. ನನ್ನ ತಾಯಿಗೆ ಬರೆಯಲು ಬರುತ್ತಿದ್ದರೂ ಹೀಗೆ ಬರೆಯುತ್ತಿರಲಿಲ್ಲ.

ಆಮೇಲೆ ಪುಟ ತಿರುಗಿಸಿದೆ. ಮಾಳಿಗೆಯ ಬಗ್ಗೆ ನಾನು ಬರೆದದ್ದು ಓದಿದೆ. ಕಟ್ಟಡ, ಮುರುಗೇಶಪ್ಪನವರು, ೧೯೯೩, ಕೊನೆಯಲ್ಲಿ "ಹಳೆಯ ಪದ್ಧತಿಯಲ್ಲಿ ಶಾಲೆ ಇಂದಿಗೂ ನಡೆದುಕೊಂಡು ಬರುತ್ತಿದೆ". ನೀವು ನನ್ನನ್ನು ಹಳಿದು ಬರೆಯುತ್ತೀರಿ ಎಂಬ ಭಯಕ್ಕೆ ನಾನು ಮೊದಲೇ ಕೈ ಬಿಗಿಹಿಡಿದು ಬರೆದೆ. ನನ್ನನ್ನು ಕ್ಷಮಿಸಿ.

ಇನ್ನೊಂದು ವಿಷಯ, ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಹೇಳುತ್ತೇನೆ. ಮಾರ್ಚಿನಲ್ಲಿ ಒಕ್ಕೂಟದ ಹನ್ನೆರಡು ಶಾಲೆಗಳವರು ನಮ್ಮ ಕಡೆ ಬರುತ್ತಿದ್ದಾರೆ. ನಿಮ್ಮ ಎರಡು ಪುಟ ಓದಿ ಎಲ್ಲರೂ ಹರಿಹರದ ತರಗತಿ ನೋಡಬೇಕು ಎಂದರಂತೆ. ಉಳಿಯುವುದು ದಾವಣಗೆರೆಯ ಹೋಟೆಲಿನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಇಲ್ಲಿಗೆ ಬರುತ್ತಾರೆ.

ನಿಮ್ಮ ಚೈತ್ರಾ

*

ದಾವಣಗೆರೆ
೧೯ ಜನವರಿ ೨೦೨೫

ಚೈತ್ರಾ,

ಬಸ್ಸು ನಮ್ಮ ಬೀದಿಯ ತಿರುವಿನಲ್ಲೇ ಹೋಗುತ್ತದೆ. ಕೈ ಬೀಸುತ್ತೇನೆ.

ಪ್ರೀತಿಯಿಂದ ಬರೆದಿದ್ದೀರಿ ಎಂದಿದ್ದೀಯ. ಪ್ರೀತಿಯಲ್ಲ ತಾಯಿ, ಹೊಟ್ಟೆಕಿಚ್ಚು. ಒಮ್ಮೆಯೂ ಬಂದಿಲ್ಲ ಎಂದು ಮತ್ತೆ ಮತ್ತೆ ಬರೆಯುತ್ತೀಯಲ್ಲ, ನಿನ್ನ ಶಾಲೆಯ ಎದುರಿಗೆ ಟೀ ಅಂಗಡಿ ಇದೆ ನೋಡು, ಅದರ ಒಳಗಿನ ಬೆಂಚು ಸವೆದಿರುವುದು ನನ್ನಿಂದ. ಅಮಾವಾಸ್ಯೆಗೆ ಹರಿಹರೇಶ್ವರನ ದರ್ಶನ ಎಂದು ಮನೆಯಲ್ಲಿ ಹೇಳಿ ಬರುತ್ತಿದ್ದೆ. ಒಂದು ದಿನ ಅತ್ತೆ ಕೇಳಿಯೇಬಿಟ್ಟರು: "ಹರಿಹರೇಶ್ವರ ಯಾವಾಗ್ಲಿಂದ ನಮ್ ಮನೆದೇವ್ರಾದ? ನೀ ದೇವ್ರನ್ನ ನೋಡಕ್ಕೆ ಹೋಗ್ತೀಯೋ, ಆ ಹುಡ್ಗಿನ್ನ ನೋಡಕ್ಕೆ ಹೋಗ್ತೀಯೋ?" ಎರಡೂ, ಎಂದೆ.

ಸೆರಗು ತಲೆಗೆ ಹೊದ್ದು, ಎರಡು ಟೀ ಕುಡಿದು, ನಿನ್ನ ಕಿಟಕಿ ನೋಡುತ್ತಾ ಕೂರುತ್ತಿದ್ದೆ. ನೀನು ಎಲ್ಲಿ ಎಡವುತ್ತೀಯ ಎಂದು ಕಾಯುತ್ತಿದ್ದೆ. ನೀನು ಎಡವಲಿಲ್ಲ. ವಾಪಸು ಬರುವ ರೈಲಿನಲ್ಲಿ ಹೊಟ್ಟೆಯಲ್ಲಿ ಕೆಂಡ. ನೀನು ಬೋರ್ಡಿನ ಕಡೆ ತಿರುಗುವುದು ನಿನಗೇ ಗೊತ್ತಿಲ್ಲ ಎನ್ನುತ್ತೀಯ. ಅದು ನನಗೆ ಬರದ ವಿದ್ಯೆ, ನಾನು ಮುಖ ನೋಡಿಯೇ ಬೈಯುವವಳು. ಆದ್ದರಿಂದಲೇ ಅದು ನನ್ನ ಕಣ್ಣಿಗೆ ಚುಚ್ಚಿತು. ನಿನ್ನ ಗಂಡ ಹೆದರಿದ್ದು ಸುಳ್ಳಲ್ಲ. ಮೊದಲು ನಾನು ಬರೆದದ್ದು ಕೆಟ್ಟದಾಗಿಯೇ. ಓದಿ ನೋಡಿಕೊಂಡೆ. ಯಾರೋ ಸಣ್ಣ ಮನಸ್ಸಿನ ಹೆಂಗಸು ಬರೆದ ಹಾಗೆ ಇತ್ತು. ಕೆಳಗೆ ನನ್ನ ಹೆಸರು ಬರುತ್ತದಲ್ಲ. ಹರಿದು ಹಾಕಿ ಮತ್ತೆ ಬರೆದೆ. ಇಡೀ ಪುಸ್ತಕದಲ್ಲಿ ಇಂಥ ಎರಡು ಪುಟ ಬೇರೆ ಇರಬಾರದು, ಓದಿದವರೆಲ್ಲ ಈ ರೂಪಶ್ರೀ ಯಾರು ಎಂದು ಕೇಳಬೇಕು, ಎಂದು ಬರೆದೆ. ಜಗಳದ ಪಾಠದ ಹತ್ತಿರ ನನ್ನ ಹೆಸರು ಸೇರಿಸಿ ನೋಡಿದೆ. ಬರಹ ಕೆಟ್ಟಿತು. ನನ್ನ ಕೈಯಾರೆ ತೆಗೆದೆ.

ರೂಪಶ್ರೀ ಯಾರು ಎಂದು ಯಾರೂ ಕೇಳಲಿಲ್ಲ. ಚೈತ್ರಾ ಎಲ್ಲಿ ಎಂದು ಕೇಳಿ ಬಸ್ಸು ಹಿಡಿದಿದ್ದಾರೆ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದು. ಇದನ್ನು ನಾನು ಹೇಗೋ ನುಂಗಿಕೊಳ್ಳುತ್ತೇನೆ.

ನುಂಗಲಾಗದ್ದು ಬೇರೆ. ನೀನು ಭಯಕ್ಕೆ ಕೈ ಬಿಗಿಹಿಡಿದು ಬರೆದೆ ಎನ್ನುತ್ತೀಯ. ಸುಳ್ಳು. ಕೈ ಬಿಗಿಹಿಡಿಯಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು. ನೀನು ನನ್ನ ಮೇಲೆ ಹೊಟ್ಟೆ ಉರಿದುಕೊಂಡು ಅಷ್ಟು ಬಡವಾಗಿ ಬರೆದಿದ್ದರೆ ಇವತ್ತು ನಮ್ಮ ಮನೆಯಲ್ಲಿ ಹೋಳಿಗೆ ಮಾಡಿಸುತ್ತಿದ್ದೆ. ನೀನು ನೋಡದೆ ಬರೆದೆ. ಎಂಟು ವರ್ಷದಲ್ಲಿ ಒಂದು ಸಲವೂ, ಈ ಮುದುಕಿ ಈಗ ಏನು ಮಾಡುತ್ತಿದ್ದಾಳೆ, ಕದ್ದಾದರೂ ನೋಡೋಣ ಎಂದು ನಿನಗೆ ಅನ್ನಿಸಲಿಲ್ಲ. ನಿನ್ನನ್ನು ನೋಡಿ ನೋಡಿ ನಾನು ಸವೆದೆ. ನಿನ್ನ ಕಣ್ಣಿಗೆ ನಾನು ಒಂದು ಮರದ ಮೆಟ್ಟಿಲು, ಒಂದು ಬೆತ್ತದ ಕುರ್ಚಿ. ಆ ಕುರ್ಚಿ ಮುರಿದು ನಾಲ್ಕು ವರ್ಷವಾಯಿತು.

ಸೋಮವಾರ ಬಾ ಎಂದು ಕರೆದಿದ್ದೆ. ಯಾಕೆ ಎಂದು ಈಗಲೂ ಹೇಳುವುದಿಲ್ಲ.

ರೂಪಶ್ರೀ

*

ಹರಿಹರ
೧೧ ಫೆಬ್ರವರಿ ೨೦೨೫

ರೂಪಕ್ಕ,

ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಏನು ಬರೆದರೂ ಸುಳ್ಳಾಗುತ್ತಿತ್ತು. ನೀವು ಹೇಳಿದ್ದು ನಿಜ, ನಾನು ನೋಡಿರಲಿಲ್ಲ.

ನಿನ್ನೆ ಸೋಮವಾರ ನನ್ನ ಬ್ಯಾಚುಗಳಿಗೆ ರಜೆ ಕೊಟ್ಟು ದಾವಣಗೆರೆಗೆ ಬಂದೆ. ಮೆಟ್ಟಿಲ ಹತ್ತಿರ ಬಂದರೂ ಹತ್ತಲು ಮುಖವಿರಲಿಲ್ಲ. ಎದುರಿನ ಪಾತ್ರೆ ಅಂಗಡಿಯ ಮಹಡಿಗೆ ಹೋದೆ. ಅಲ್ಲಿಂದ ನಿಮ್ಮ ಕಿಟಕಿ ನೇರವಾಗಿ ಕಾಣುತ್ತದೆ, ದನಿಯೂ ಕೇಳುತ್ತದೆ. ಬಾಣಲೆ ನೋಡುವ ನೆಪದಲ್ಲಿ ಪಾಠ ಮುಗಿಯುವ ತನಕ ನಿಂತೆ. ಅಂಗಡಿಯವನು ಅನುಮಾನದಿಂದ ನೋಡತೊಡಗಿದ, ಬೇಡದ ಬಾಣಲೆಯೊಂದು ಕೊಂಡೆ.

ನಿಮ್ಮೂರ ಹೊರಗಿನ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆ ಮಾಲೀಕರು ಶಾಲೆ ಮಕ್ಕಳ ಹಾಗೆ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ನೀವು ಅವರಿಗೆ ಒಡಿಯಾ ಕಲಿಸುತ್ತಿದ್ದಿರಿ. ಮೊದಲು ನನ್ನ ಕಿವಿಯನ್ನೇ ನಂಬಲಿಲ್ಲ. ನೀವು ಗದರುತ್ತಿದ್ದಿರಿ: "ಯೋಗರಾಜ್ ಅವ್ರೇ, ನಿಮ್ ಕಾರ್ಖಾನೆ ಒಡಿಶಾ ಹುಡುಗ್ರು ನಿಮ್ಮ ಭಾಷೆ ಕಲ್ತು ನಿಮ್ ಜೋಡಿ ಮಾತಾಡ್ತಾರೆ. ಅವರಿಗೆ ಜ್ವರ ಬಂದ್ರೆ ಹೆಂಗೈತೆ ಅಂತ ಕೇಳಕ್ಕೆ ನಿಮಗೆ ಬಾಯಿ ಐತಾ? ಇನ್ನೊಂದ್ಸಲ ಹೇಳ್ರಿ." ಆ ದೊಡ್ಡ ಮೀಸೆಯ ಮನುಷ್ಯ ಎದ್ದು ನಿಂತು "ದೇಹ ಭಲ ಅಛಿ ತ" ಎಂದು ತೊದಲಿದರು. ಎಲ್ಲರೂ ನಕ್ಕರು. ನೀವು ನಗಲಿಲ್ಲ, ಸರಿಯಾಗುವ ತನಕ ಹೇಳಿಸಿದಿರಿ.

ಇವತ್ತು ಆಸಿಮ್‌ನನ್ನು ಕೇಳಿದೆ. "ನಿಮಗೆ ಗೊತ್ತಿಲ್ವಾ ಮೇಡಂ? ರೂಪಾ ಮೇಡಂ ಎರಡು ವರ್ಷ ಐತವಾರ ಐತವಾರ ಕರೂರಿನ ಮೆಸ್ಸಿಗೆ ಹೋಗಿ, ಒಡಿಶಾದೋರ ಜೋಡಿ ಈರುಳ್ಳಿ ಹೆಚ್ಕಂತ ಕಲ್ತ್ರು" ಎಂದ. ನನ್ನನ್ನು ಕೇಳಿದ್ದಿದ್ದರೆ ಹೇಳುತ್ತಿದ್ದೆ ಎಂಬ ಹಾಗೆ ನೋಡಿದ.

ಅಕ್ಕ, ನನಗೆ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ. ಎಂಟು ವರ್ಷದಿಂದ ಒಡಿಶಾದ ಹುಡುಗರು ನನ್ನ ಬೆಂಚಿನ ಮೇಲೆ ಕೂತಿದ್ದಾರೆ. ಅವರಿಗೆ ನನ್ನ ಭಾಷೆ ಕಲಿಸಿದೆ, ಜಗಳ ಕಲಿಸಿದೆ, ಹಾರ ಹಾಕಿಸಿಕೊಂಡೆ. ಅವರ ಒಂದು ಮಾತು ನಾನು ಕಲಿಯಲಿಲ್ಲ. ಕಲಿಯಬೇಕು ಎಂದು ಹೊಳೆಯಲೂ ಇಲ್ಲ. ನಿಮಗೆ ಐವತ್ತೈದು ದಾಟಿದ ಮೇಲೆ ಹೊಳೆಯಿತು. ರೈಲಿನಲ್ಲಿ ಬಾಣಲೆ ತೊಡೆಯ ಮೇಲಿಟ್ಟುಕೊಂಡು ಇದನ್ನೇ ಯೋಚಿಸುತ್ತಾ ಬಂದೆ. ಸಿಟ್ಟು ನಿಮ್ಮ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ, ಹರಿಹರ ದಾಟಿ ಮುಂದಿನ ಸ್ಟೇಷನ್ನಿಗೆ ಹೋಗಿ ಇಳಿದೆ.

ಇನ್ನೊಂದು ಹೇಳಿಬಿಡುತ್ತೇನೆ. ಈ ತರಗತಿಯ ವಿಷಯ ಇನೆಸ್‌ಗೆ ಬರೆಯಬೇಕು ಎಂದು ರಾತ್ರಿ ಕೂತೆ. ಬರೆಯಲಿಲ್ಲ. ಬರೆದರೆ ಬಸ್ಸು ದಾವಣಗೆರೆಯಲ್ಲೇ ನಿಂತುಬಿಡುತ್ತದೆ. ಅಷ್ಟು ಒಳ್ಳೆ ಮನಸ್ಸು ನನಗಿಲ್ಲ. ಮತ್ತೆ, ಯುಗಾದಿ ಆದ ಮೇಲೆ ಹರಿಹರದ ಮಾಲೀಕರಿಗೆ ನಾನೂ ಒಡಿಯಾ ತರಗತಿ ಶುರುಮಾಡುತ್ತೇನೆ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ.

ಚೈತ್ರಾ

*

ದಾವಣಗೆರೆ
೧೮ ಫೆಬ್ರವರಿ ೨೦೨೫

ಚೈತ್ರಾ,

ನಿನ್ನ ಕಾಗದ ಅತ್ತೆಗೆ ಓದಿ ಹೇಳಿದೆ. "ಹೊಟ್ಟೆ ಉರ್ಕಂಡಾಳಾ? ಪೂರಾ?" ಎಂದು ಕೇಳಿದರು. ಪೂರಾ, ಎಂದೆ. ಆ ಭಾಗ ಇನ್ನೊಂದು ಸಲ ಓದಿಸಿಕೊಂಡು, "ಇವತ್ತು ಸರಿಯಾಗಿ ಊಟ ಮಾಡು" ಎಂದರು.

ಇನೆಸ್‌ಗೆ ನೀನು ಬರೆಯದೆ ಇದ್ದದ್ದು ಸರಿಯಾಯಿತು. ಬರೆದಿದ್ದರೆ ನೀನು ಒಳ್ಳೆಯವಳಾಗುತ್ತಿದ್ದೆ, ನಾನು ಮತ್ತೆ ನಿನಗೆ ಸಣ್ಣವಳಾಗುತ್ತಿದ್ದೆ. ನಾನೂ ಬರೆಯುವುದಿಲ್ಲ. ಹನ್ನೆರಡು ಶಾಲೆಯವರು ನೋಡಿಕೊಂಡು ಹೋಗಲಿ ನಿನ್ನದನ್ನು. ಅವರು ನನ್ನ ಮಾಳಿಗೆ ನೋಡಬೇಕು ಎಂದು ಒಂದು ಕಾಲಕ್ಕೆ ನನಗೆ ಬಹಳ ಆಸೆಯಿತ್ತು.

ಒಡಿಯಾ ತರಗತಿ ಕದಿಯುವೆಯಾದರೆ ಕದಿ. ಅರ್ಧ ಕಲಿತು ಕದಿಯಬೇಡ, ಊರೆಲ್ಲ ನಗುತ್ತದೆ. ನಾನು ಈರುಳ್ಳಿ ಹೆಚ್ಚಿದ ಮೆಸ್ಸು ಈಗಲೂ ಅಲ್ಲೇ ಇದೆ, ಐತವಾರ ಹೋಗು. ನನ್ನ ಹೆಸರು ಹೇಳಬೇಡ, ಹೇಳಿದರೆ ಹೆಚ್ಚು ಈರುಳ್ಳಿ ಕೊಡುತ್ತಾರೆ.

ನಿನ್ನೆ ಸೋಮವಾರ. ಪಾಠದ ನಡುವೆ ಪಾತ್ರೆ ಅಂಗಡಿಯ ಮಹಡಿಯಲ್ಲಿ ಹಸಿರು ಸೀರೆಯೊಂದು ಓಡಾಡಿದ್ದು ಕಂಡಿತು. ನೀನೇ ಎಂದುಕೊಂಡೆ. ದನಿ ಎತ್ತರಿಸಿದೆ. ತಪ್ಪೇ ಮಾಡದ ಯೋಗರಾಜ್ ಅವರನ್ನು ಎಬ್ಬಿಸಿ ನಿಲ್ಲಿಸಿ ಬೈದೆ. ಕಿಟಕಿಯ ಹತ್ತಿರ ಬಂದು ನಿಂತು, ಬೋರ್ಡನ್ನೂ ಅಲ್ಲಿಗೇ ಎಳೆದುಕೊಂಡು, ಬಿಡುವ ಹೊತ್ತು ದಾಟಿದರೂ ಬಿಡದೆ ಪಾಠ ಮಾಡಿದೆ. ಆಮೇಲೆ ನೋಡಿದರೆ ಯಾರೋ ಕುಕ್ಕರ್ ಕೊಳ್ಳಲು ಬಂದವರು. ಇವತ್ತು ಗಂಟಲು ಕಟ್ಟಿಕೊಂಡು ಮಾತೇ ಹೊರಡುತ್ತಿಲ್ಲ.

ಬರುವ ಸೋಮವಾರ ಬರುತ್ತೀಯೋ ಇಲ್ಲವೋ ಒಂದು ಸಾಲು ಬರೆ. ಬರುವುದಿದ್ದರೆ ಗಂಟಲನ್ನು ಅಲ್ಲಿಯ ತನಕ ಕಾಯ್ದಿಟ್ಟುಕೊಳ್ಳುತ್ತೇನೆ.

ರೂಪಶ್ರೀ